ನಲ್ಲಿಗೊಂದು ಅರಿಶಿನ ಕುಂಕುಮ

ಬೆಂಗಳೂರಿನಲ್ಲಿ ಬಾಣಂತಿಯರು ನಲ್ಲಿಗೆ ಪೂಜೆ ಮಾಡುತ್ತಾರೆ. ಶಾಸ್ತ್ರದ ಪ್ರಕಾರ ಗಂಗೆಪೂಜೆ ಆಗಬೇಕಾದದ್ದು ಬಾವಿಕಟ್ಟೆಯಲ್ಲಿ. ಹೆತ್ತು ಎದ್ದವಳು ಬಾವಿಯ ಹತ್ತಿರ ಹೋಗಿ, ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ನೀರು ತುಂಬಿಕೊಂಡು ಒಳಗೆ ಬಂದರೆ ಬಾಣಂತನದ ಕಟ್ಟುಪಾಡು ಸಡಿಲವಾದಂತೆ. ಆದರೆ ಬಾವಿ ಎಲ್ಲಿದೆ? ನಮ್ಮ ಬೀದಿಯಲ್ಲಿದ್ದ ಕೊನೆಯ ಬಾವಿಯ ಮೇಲೆ ಈಗ ಯಾರದೋ ಕಾರು ನಿಲ್ಲುತ್ತದೆ. ಹಾಗಾಗಿ ಹಿತ್ತಲಿನ ನಲ್ಲಿಗೆ ಒಂದು ಮೊಳ ಸೇವಂತಿಗೆ ಸುತ್ತಿ, ತಿರುಪಿಗೆ ಕುಂಕುಮವಿಟ್ಟು, ಕೆಳಗೆ ರಂಗೋಲಿ ಹಾಕಿ ಆರತಿ ಎತ್ತುತ್ತೇವೆ. ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಗೆಳತಿಯ ಸೊಸೆ ವಾಷಿಂಗ್ ಮೆಷಿನ್ನಿನ ಪಕ್ಕದ ನಲ್ಲಿಗೇ ಮಂಗಳಾರತಿ ಮಾಡಿದಳು. ಗಂಗೆಗೆ ವಿಳಾಸ ಬದಲಾದದ್ದು ಗೊತ್ತಿರಬೇಕು.

ಕಳೆದ ತಿಂಗಳ ಒಂದು ಶನಿವಾರ, ಭಾನುವಾರ ನಮ್ಮ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು, ನಾಮಕರಣ, ಮಗಳ ಗಂಗೆಪೂಜೆ. ಎಲ್ಲರಿಗೂ ಸೋಮವಾರ ಆಫೀಸು, ಮೂರನ್ನೂ ಭಾನುವಾರವೇ ಮುಗಿಸಿಬಿಡೋಣ ಎಂದು ಗೊತ್ತುಮಾಡಿದವಳು ಮಗಳೇ. ಶನಿವಾರ ಬೆಳಕು ಹರಿಯುತ್ತಲೇ ನೆಂಟರು ಇಳಿಯತೊಡಗಿದರು. ತೀರ್ಥಹಳ್ಳಿಯಿಂದ ಬೀಗರು, ಮಳವಳ್ಳಿಯಿಂದ ತಂಗಿ ಮತ್ತು ಭಾವ, ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬಂದ ಅಣ್ಣನ ಮಕ್ಕಳು. ಕೂತಲ್ಲಿ ನಿಂತಲ್ಲಿ ಬ್ಯಾಗು. ಹನ್ನೊಂದರ ಹೊತ್ತಿಗೆ ಅಡುಗೆ ಭಟ್ಟರು ಕೊಪ್ಪರಿಗೆ ಇಳಿಸಿ, ತೊಳೆಯಲೆಂದು ಹಿತ್ತಲಿನ ನಲ್ಲಿ ತಿರುಗಿಸಿದರು. ಅದು ಒಂದು ಸಲ ಕೆಮ್ಮಿತು, ಉದ್ದಕ್ಕೆ ಸುಯ್ಯೆಂದು ಗಾಳಿ ಬಿಟ್ಟಿತು, ಆಮೇಲೆ ಸುಮ್ಮನಾಯಿತು.

ಬೀದಿಯ ಕೊನೆಯಲ್ಲಿ ಯಾರೋ ಕೇಬಲ್ ಹೂಳಲು ನೆಲ ಅಗೆದಿದ್ದರಂತೆ. ಪೈಪು ಒಡೆದು ನಮ್ಮ ಮನೆಗೆ ಬರಬೇಕಾಗಿದ್ದ ಕಾವೇರಿ ಮೋರಿಯ ದಾರಿ ಹಿಡಿದಿದ್ದಳು. ನಮ್ಮ ಕಡೆ ದಿನ ಬಿಟ್ಟು ದಿನ ನೀರು. ಶನಿವಾರ ನಮ್ಮ ಸರದಿ. ಅಂದರೆ ಸಂಪು ಶುಕ್ರವಾರ ರಾತ್ರಿಯೇ ತಳ ಕಂಡಿತ್ತು. ಕೊಳವೆಬಾವಿ ಇದೆಯಲ್ಲ ಎಂದರೆ, ಅದು 2024ರ ಬೇಸಿಗೆಯಲ್ಲೇ ಕೈಯೆತ್ತಿದೆ. ಆ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದು ಆಗಲೇ. ನಮ್ಮ ಎದುರುಮನೆಯವರು ಅವತ್ತಿನಿಂದ ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಕಾರೇನೂ ಕೊರಗಿದಂತೆ ಕಾಣುವುದಿಲ್ಲ.

ಮನೆ ತುಂಬ ಜನ, ಮೂರು ತಿಂಗಳ ಮಗು, ಮರುದಿನ ಊಟಕ್ಕೆ ಇನ್ನಷ್ಟು ಜನ, ನಲ್ಲಿಯಲ್ಲಿ ಗಾಳಿ. ನಾನು ಫೋನು ಹಿಡಿದು ಟ್ಯಾಂಕರ್‌ನವರಿಗೆ ಒಂದರ ಹಿಂದೊಂದು ಕರೆ ಮಾಡುತ್ತಿದ್ದರೆ, ಅಮ್ಮ ಸೋಫಾದಿಂದ ಎದ್ದು ಬಂದಳು. ಎಂಬತ್ತು ದಾಟಿದವಳು, ಮೊಣಕಾಲು ನೋವೆಂದು ದೇವರ ಮನೆಯಿಂದ ಊಟದ ಮೇಜಿಗೆ ಬರಲೂ ಗೋಡೆ ಹಿಡಿಯುವವಳು. ಅವತ್ತು ಗೋಡೆಯ ನೆನಪೇ ಬಂದಂತಿರಲಿಲ್ಲ. "ಇರೋ ನೀರನ್ನ ಹಂಡೆಗೆ ಹಾಕಿ. ಒಬ್ಬರಿಗೆ ಒಂದೇ ಬಕೆಟ್. ತಲೆಸ್ನಾನ ಬಾಣಂತಿಗೆ, ಮಗುವಿಗೆ ಮಾತ್ರ. ಅಕ್ಕಿ ತೊಳೆದ ನೀರು ಚೆಲ್ಲಬೇಡಿ, ಪಾತ್ರೆಗೆ ಬೇಕು." ಹುಬ್ಬಳ್ಳಿಯ ಹುಡುಗ ಒಂದೇ ಬಕೆಟ್ಟಿನಲ್ಲಿ ಸ್ನಾನ ಹೇಗೆ ಮಾಡುವುದು ಎಂದು ಪ್ರಾಮಾಣಿಕವಾಗಿಯೇ ಕೇಳಿದ. ಹುಟ್ಟಿದಾಗಿನಿಂದ ಷವರ್ ಕೆಳಗೆ ನಿಂತವನು ಪಾಪ. ಅಮ್ಮ ಅವನಿಗೆ ಒಂದು ಚೊಂಬು ಕೊಟ್ಟು, ಮೊದಲು ಬೆನ್ನು, ಆಮೇಲೆ ಎದೆ ಎಂದು ಪಾಠ ಹೇಳಿ ಒಳಗೆ ಕಳಿಸಿದಳು. ಅವನು ಹೊರಗೆ ಬಂದಾಗ ಬಕೆಟ್ಟಿನಲ್ಲಿ ಇನ್ನೂ ಕಾಲು ಭಾಗ ನೀರಿತ್ತು. ಅದನ್ನು ಎಲ್ಲರಿಗೂ ತೋರಿಸಿದ.

ಅಮ್ಮನಿಗೆ ಈ ಲೆಕ್ಕ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಾವು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಅದಕ್ಕೂ ಹಿಂದೆ, ಅದೇ ಪೇಟೆಯಲ್ಲಿ ನನ್ನ ಮುತ್ತಜ್ಜಿಯ ಸಂಸಾರ. ಆಕೆ ಮನೆಗೆ ನಲ್ಲಿ ಬಂದ ಮೇಲೂ ಮಡಿಗೆ ಅದರ ನೀರು ಮುಟ್ಟಲಿಲ್ಲವಂತೆ. ತಿರುಪಿನೊಳಗಿನ ವಾಷರ್ ಚರ್ಮದ್ದು ಎಂದು ಯಾರೋ ಹೇಳಿದ್ದರು. ಸಾಲದೆಂಬಂತೆ, ಅದೇ ಪೈಪಿನ ನೀರು ಊರಿನ ಎಲ್ಲ ಜಾತಿಯವರ ಮನೆಗೂ ಹೋಗುತ್ತದೆ ಎಂಬ ಸಂಕಟ ಬೇರೆ. ಕೊನೆಯವರೆಗೂ ಬಾವಿಯ ನೀರನ್ನೇ ಸೇದಿದಳು. ಅವಳ ಸೊಸೆ, ಅಂದರೆ ನನ್ನ ಅಜ್ಜಿಗೆ, ಇಂಥ ಅನುಮಾನಗಳಿಗೆ ಪುರುಸೊತ್ತಿರಲಿಲ್ಲ. ಮಕ್ಕಳು ಮರಿ ಎಲ್ಲರಿಗೂ ನೀರು ಸೇದಿ ಸೇದಿ ಅಂಗೈ ಹಗ್ಗದಷ್ಟೇ ಒರಟಾಗಿತ್ತು. ಜಾತಿಯ ಮೈಲಿಗೆಯನ್ನು ನಮ್ಮ ಮನೆಯಲ್ಲಿ ಮೊದಲು ಸಡಿಲಿಸಿದ್ದು ಯಾವ ಸುಧಾರಕರ ಭಾಷಣವೂ ಅಲ್ಲ, ಆ ಹಿತ್ತಾಳೆ ನಲ್ಲಿ ಎಂದು ನಾನು ನಂಬಿದ್ದೇನೆ.

ಆ ನಲ್ಲಿಗೆ ನೀರು ಬಂದ ದಾರಿಯೂ ಸಲೀಸಾಗಿರಲಿಲ್ಲ. ಕೊಳಾಯಿ ಬರುವ ಮೊದಲು ಬೆಂಗಳೂರು ಕೆರೆ, ಬಾವಿ, ಕಲ್ಯಾಣಿಗಳ ಊರು. ಪೇಟೆಗೆ ಧರ್ಮಾಂಬುಧಿ ಕೆರೆಯ ನೀರು. ಈಗ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕರಗದವರಿಗೆಂದು ಒಂದು ಪುಟ್ಟ ಹೊಂಡ ಉಳಿದಿದೆ, ಅಷ್ಟೇ. 1876–78ರ ಭೀಕರ ಬರ ಕಂಡ ಸಂಸ್ಥಾನ ಅದು, ಕೆರೆಗಳನ್ನಷ್ಟೇ ನಂಬಿ ಕೂರುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಊರಿಗೆ ಕೊಳವೆಯಲ್ಲಿ ನೀರು ತಂದರು. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ತಾನಾಗಿ ಹರಿದು ಬಂದ ನೀರನ್ನು ಅಲ್ಲಿಂದ ಉಗಿಯಂತ್ರ ಮೇಲಕ್ಕೆತ್ತುತ್ತಿತ್ತು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ವಿಶ್ವೇಶ್ವರಯ್ಯನವರ ಸಮಿತಿ ಕೂತು ಅದೇ ಅರ್ಕಾವತಿಗೆ ಇನ್ನೂ ಕೆಳಗೆ, ಕುಮುದ್ವತಿ ಬಂದು ಸೇರುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಸೂಚಿಸಿತು. 1933ರ ಹೊತ್ತಿಗೆ ಆ ನೀರು ಬಂತು. ಮುತ್ತಜ್ಜಿ ಮುಟ್ಟದ ನೀರು ಅದು.

ನಾನು ಕಂಡ ವಠಾರಕ್ಕೆ ಒಂದೇ ನಲ್ಲಿ. ನೀರು ಬರುತ್ತಿದ್ದದ್ದು ಬೆಳಗಿನ ಜಾವ, ಬೆರಳು ಗಾತ್ರ. ಕೊಡಗಳು ರಾತ್ರಿಯೇ ಸಾಲಿನಲ್ಲಿ ಕೂರುತ್ತಿದ್ದವು. ಯಾರ ಕೊಡ ಯಾರದ್ದರ ಮುಂದಿತ್ತು ಎಂಬುದರ ಮೇಲೆ ಆಗಿರುವ ಮಾತುಕತೆಗಳನ್ನು ಬರೆದಿಟ್ಟಿದ್ದರೆ ಕನ್ನಡಕ್ಕೆ ಒಂದು ಸಂಪುಟ ಬೈಗುಳ ಸಿಗುತ್ತಿತ್ತು. ವಿಚಿತ್ರವೆಂದರೆ ಹೆರಿಗೆ, ಮದುವೆ, ಸಾವು ಇದ್ದ ಮನೆಯ ಕೊಡ ಯಾರನ್ನೂ ಕೇಳದೆ ಸಾಲಿನ ಮುಂದಕ್ಕೆ ಹೋಗುತ್ತಿತ್ತು. ಇಡುತ್ತಿದ್ದವರು ಹಿಂದಿನ ದಿನ ಜಗಳವಾಡಿದವರೇ. ಅಮ್ಮ ಆ ಸಾಲಿನಲ್ಲಿ ನಿಂತು ನಮ್ಮನ್ನು ಬೆಳೆಸಿದಳು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಊರಿಗೆ ಬಂದಾಗ ಅಪ್ಪ ಪೇಪರು ಹಿಡಿದು, "ಇನ್ನು ನಿನ್ನ ಸೊಂಟಕ್ಕೆ ರಜಾ" ಎಂದು ಅಮ್ಮನಿಗೆ ಹೇಳಿದ್ದು ನೆನಪಿದೆ. ರಜಾ ಸಿಗಲು ಇನ್ನೂ ಬಹಳ ವರ್ಷ ಹಿಡಿಯಿತು, ಆ ಮಾತು ಬೇರೆ.

ಕಾವೇರಿಯ ವಿಷಯ ಬಂದರೆ ನಮ್ಮ ಮಳವಳ್ಳಿ ಭಾವ ಸುಮ್ಮನಿರುವವರಲ್ಲ. ಶನಿವಾರ ಸಂಜೆ ಒಂದೇ ಚೊಂಬಿನಲ್ಲಿ ಕೈಕಾಲು ಮುಖ ಮೂರನ್ನೂ ಮುಗಿಸಿ, ಜಗಲಿಯಲ್ಲಿ ಕೂತು, "ನಿಮ್ಮೂರಿನ ನಲ್ಲಿ ನಮ್ಮೂರಲ್ಲಿ ಶುರುವಾಗ್ತದೆ" ಎಂದರು. ಹೇಳಿದ್ದರಲ್ಲಿ ತಪ್ಪಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ, ಹೀಗೆ ಮೂರು ಕಡೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರ ಏರಿ ನಮ್ಮ ಸಂಪಿಗೆ ಬೀಳುತ್ತದೆ. ನದಿ ಕೆಳಗೆ, ಊರು ಮೇಲೆ. ಬೇರೆ ದೊಡ್ಡ ಊರುಗಳು ನದಿಯ ದಡದಲ್ಲೋ ಕಡಲ ಪಕ್ಕದಲ್ಲೋ ಹುಟ್ಟಿದರೆ, ನಾವು ಗುಡ್ಡದ ನೆತ್ತಿಯ ಮೇಲೆ ಕೂತು ನದಿಯನ್ನು ಮಹಡಿ ಹತ್ತಿಸುತ್ತೇವೆ. ಅದಕ್ಕೆ ಬೇಕಾಗುವ ಕರೆಂಟು ಸಾಮಾನ್ಯದ್ದಲ್ಲ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ಅದೇ ಹೊಳೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಕಾವೇರಿ ನಮ್ಮೂರಿಗೆ ದೀಪ ಕೊಟ್ಟು ಸುಮಾರು 70 ವರ್ಷವಾದ ಮೇಲೆ ನೀರು ಕೊಟ್ಟಳು. ಬೆಂಗಳೂರು ಮಾತ್ರ ಇನ್ನೂ ಬಾಯಾರಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್.

"ಸುಪ್ರೀಂ ಕೋರ್ಟು 2018ರಲ್ಲಿ ಬೆಂಗಳೂರಿಗೆ ಅಂತಲೇ 4.75 ಟಿಎಂಸಿ ಹೆಚ್ಚಿಗೆ ಕೊಡ್ತು, ಗೊತ್ತಾ ನಿಮಗೆ?" ಭಾವ ಕೇಳಿದರು. ನಮಗೆ ಗೊತ್ತಿರಲಿಲ್ಲ. ಬೆಂಗಳೂರಿನ ನಾವು ಟಿಎಂಸಿಯನ್ನು ಟಿವಿಯಲ್ಲಿ ಕೇಳಿ ಚಾನೆಲ್ ಬದಲಿಸುವವರು. ಮಂಡ್ಯದವರಿಗೆ ಅದು ಮನೆಮಕ್ಕಳ ಮಾರ್ಕ್ಸ್ ಕಾರ್ಡು. ಜಲಾಶಯದಲ್ಲಿ ಇವತ್ತು ಎಷ್ಟು ಅಡಿ ಎಂಬುದನ್ನು ಅವರು ಹಲ್ಲುಜ್ಜುವ ಮೊದಲೇ ನೋಡಿರುತ್ತಾರೆ. ನಾಲೆಗೆ ನೀರು ಬಿಡದ ವರ್ಷ ಭತ್ತ ಬಿಟ್ಟು ರಾಗಿ ಬಿತ್ತಿದ ಭಾವ, ನಮ್ಮ ಮನೆಯಲ್ಲಿ ಕೂತು, ಅರ್ಧ ಲೋಟ ನೀರು ಕುಡಿದು ಉಳಿದರ್ಧವನ್ನು ತುಳಸಿಗೆ ಹಾಕಿದರು. ತೀರ್ಥಹಳ್ಳಿಯ ಬೀಗಿತ್ತಿಗೆ ಇದೆಲ್ಲ ಸ್ವಲ್ಪ ಹೊಸದು. ಅವರ ಕಡೆ ನೀರೆಂದರೆ ವರ್ಷದ ಅರ್ಧ ಆಕಾಶದಿಂದ ಬೀಳುವ ಸಂಗತಿ. ಆದರೂ ನೀರು ತುಂಬುವ ಹಬ್ಬವನ್ನು ಅವರಷ್ಟು ಚೆಂದವಾಗಿ ಯಾರೂ ಮಾಡುವುದಿಲ್ಲ. ದೀಪಾವಳಿಯ ಹಿಂದಿನ ಸಂಜೆ ಹಂಡೆ ಬೆಳಗಿ, ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ ನೀರು ತುಂಬುವುದನ್ನು ಅವರು ವರ್ಣಿಸುತ್ತಿದ್ದರೆ ನಮ್ಮ ಬರಿದಾದ ಹಂಡೆಗೆ ಹೊಟ್ಟೆಕಿಚ್ಚಾಗಿರಬೇಕು.

ಟ್ಯಾಂಕರ್ ಬಂದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಸಂಪಿಗೆ ಪೈಪು ಇಳಿಬಿಟ್ಟು, ತುಂಬುವ ತನಕ ಡ್ರೈವರ್ ಹುಡುಗ ಬಾನೆಟ್ಟಿಗೆ ಒರಗಿ ನಿಂತ. ಯಾದಗಿರಿ ಕಡೆಯವನು. ಮಾತಿಗೆಳೆದದ್ದು ಭಾವ. ಅವನ ಊರಿನ ಮನೆಯಲ್ಲಿ ಈಚೆಗೆ ನಲ್ಲಿ ಹಾಕಿದ್ದಾರಂತೆ, "ಮನೆ ಮನೆಗೆ ಗಂಗೆ"ಯದು. ಆ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ. ಪಟ್ಟಣದವರಿಗೆ ಸರ್ಕಾರದ ಅಳತೆ 135. "ನಿಮ್ಮೂರಾಗ ಬರ್ತದೇನಪ್ಪ ನೀರು?" ಎಂದು ಭಾವ ಕೇಳಿದ್ದಕ್ಕೆ, "ಒಮ್ಮೊಮ್ಮೆ ಬರ್ತದ್ರೀ, ಅವ್ವ ಬಂದ ದಿನ ಫೋನ್ ಮಾಡ್ತಾಳ" ಎಂದು ನಕ್ಕ. ಅಷ್ಟರಲ್ಲಿ ಅಮ್ಮ ಒಳಗಿನಿಂದ ತಟ್ಟೆ ತಂದಳು. ಮರುದಿನ ಮುತ್ತೈದೆಯರಿಗೆಂದು ಜೋಡಿಸಿಟ್ಟಿದ್ದ ತಾಂಬೂಲದಲ್ಲಿ ಮೊದಲನೆಯದು: ಎಲೆ, ಅಡಿಕೆ, ತೆಂಗಿನಕಾಯಿ, ಎರಡು ಬಾಳೆಹಣ್ಣು. ಹುಡುಗ ಗಾಬರಿಯಾದ. ಬಾಡಿಗೆ ಕೊಟ್ಟಾಯಿತಲ್ಲ ಎಂದು ನಾನೂ ಅಂದೆ. "ಗಂಗೆನ ಮನೆಗೆ ಕರಕೊಂಡು ಬಂದವನು. ಬರಿಗೈಲಿ ಕಳಿಸ್ತಾರಾ?" ಎಂದಳು ಅಮ್ಮ. ವಠಾರದ ಸಾಲಿನಲ್ಲಿ ಹೆರಿಗೆ ಮನೆಯ ಕೊಡ ಮುಂದಿಡುತ್ತಿದ್ದ ಅದೇ ದನಿ. ಅವನು ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ತೆಗೆದುಕೊಂಡ.

ಭಾನುವಾರ ಎಲ್ಲ ಹೇಗೋ ನಡೆಯಿತು. ಊಟಕ್ಕೆ ಕೂತವರಿಗೆ ಏನೂ ತಿಳಿಯಲಿಲ್ಲ, ಹೋಳಿಗೆ ಚೆನ್ನಾಗಿತ್ತು ಎಂದು ಹೋದರು. ಮಗುವಿಗೆ ಇಟ್ಟ ಹೆಸರಿನ ಬಗ್ಗೆ ಎರಡು ಮನೆಯ ಅಜ್ಜಿಯರಿಗೆ ಇನ್ನೂ ಅಸಮಾಧಾನವಿದೆ. ಗಂಗೆಪೂಜೆಯ ಹೊತ್ತಿಗೆ ನಲ್ಲಿ ಒಣಗಿಯೇ ಇತ್ತು. ಸಂಪಿನ ಮುಚ್ಚಳಕ್ಕೇ ಪೂಜೆ ಮಾಡೋಣ, ನೀರಿರುವುದು ಅಲ್ಲಿ ತಾನೆ ಎಂದಳು ಮಗಳು, ಇಂಜಿನಿಯರು. ಅಮ್ಮ ಒಪ್ಪಲಿಲ್ಲ. ಒಣ ನಲ್ಲಿಗೇ ಹೂ ಸುತ್ತಿಸಿ, ಅರಿಶಿನ ಹಚ್ಚಿಸಿ, ಆರತಿ ಮಾಡಿಸಿದಳು. ಬಂದಾಗ ಮಾತ್ರ ಪೂಜೆ ಮಾಡುವುದು ಬೇರೆ, ನಂಬಿ ಮಾಡುವುದು ಬೇರೆ ಎಂಬುದು ಅವಳ ವಾದ. ಕೊಡ ಮಾತ್ರ ಟ್ಯಾಂಕರ್ ನೀರಿನಲ್ಲಿ ತುಂಬಿತು.

ನಲ್ಲಿಗೆ ನೀರು ಬಂದದ್ದು ಸೋಮವಾರ ಮಧ್ಯಾಹ್ನ, ಎಲ್ಲರೂ ಊರು ಸೇರಿದ ಮೇಲೆ. ಮುಂದಿನ ವಾರ ನೀರಿನ ಬಿಲ್ಲು ಬಂದಾಗ ಮೊದಲ ಸಲ ಅದನ್ನು ಪೂರ್ತಿ ಓದಿದೆ. 2014ರಿಂದ 2025ರ ತನಕ ಮನೆಬಳಕೆಯ ಮೊದಲ 8,000 ಲೀಟರಿಗೆ ಈ ಊರು ಕೊಡುತ್ತಿದ್ದದ್ದು ಸಾವಿರ ಲೀಟರಿಗೆ 7 ರೂಪಾಯಿ. ಈಗ ಸ್ವಲ್ಪ ಹೆಚ್ಚಾಗಿದೆ, ನಾವು ಗೊಣಗಿದ್ದೇವೆ. ನೂರು ಕಿಲೋಮೀಟರ್ ಬೆಟ್ಟ ಹತ್ತಿ ಬರುವ ಸಾವಿರ ಲೀಟರ್ ಹೊಳೆಗೆ ಒಂದು ಬೈಟು ಕಾಫಿಯ ದುಡ್ಡೂ ಅಲ್ಲದ ಬೆಲೆ ಅದು. ಇಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ನಾವು ಬೆಲೆಯಿಲ್ಲದ್ದು ಎಂದುಕೊಂಡೆವು.

ನಿಮ್ಮ ಬೀದಿಯಲ್ಲೂ ಒಬ್ಬ ವಾಲ್‌ಮನ್ ಇರುತ್ತಾನೆ. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು, ಹಳೆಯ ಕಾಲದ ಕೆರೆಯ ನೀರುಗಂಟಿಯ ಹಾಗೆ, ಯಾರಿಗೆ ಎಷ್ಟು ಹೊತ್ತು ಎಂದು ತಿರುಗಿಸುತ್ತ ಹೋಗುತ್ತಾನೆ. ಅವನ ಮುಖ ನೀವು ನೋಡಿರದಿದ್ದರೆ, ನಿಮ್ಮ ಸರದಿಯ ದಿನ ಸ್ವಲ್ಪ ಬೇಗ ಎದ್ದು ಗೇಟಿನ ಹತ್ತಿರ ನಿಲ್ಲಿ. ಒಂದು ಲೋಟ ಕಾಫಿ ಕೊಡಿ, ಬೇಡ ಎನ್ನುವುದಿಲ್ಲ.