ಹಳೇ ಜಿಟಿ ಕಾರು ನೋಡಾಕ ಹೋಗೋ ಮೊದಲು

ರಾಶಿ ಮುಗಿದು ಭತ್ತದ ರೊಕ್ಕ ಕೈಗೆ ಬಂದ್ವು ಅಂದ್ರ ನಮ್ಮ ಸಾಲಗುಂದದ ಕಡೆ ಹುಡುಗರ ಫೋನ್‌ನಾಗ ಬರೀ ಕಾರಿನ ಫೋಟೊನೇ ನೋಡ್ರಿ. ಅದೂ ಮನಿಮಂದಿಯೆಲ್ಲ ಕೂಡೋ ದೊಡ್ಡ ಗಾಡಿ ಅಲ್ಲ. ಕೆಂಪು ಪೋಲೊ ಜಿಟಿ, ಕಪ್ಪು ಅಲಾಯ್ ಹಾಕಿದ ಡೀಸೆಲ್ ಸ್ವಿಫ್ಟ್, ಐ20 ಎನ್ ಲೈನ್. ಸಣ್ಣ ಕಾರು, ಜೋರು ಎಂಜಿನ್. ಹೊಸದು ಕೊಳ್ಳಾಕ ಆಗಂಗಿಲ್ಲ, ಕೆಲವು ಈಗ ಹೊಸದು ಸಿಗೋದೂ ಇಲ್ಲ. ಪೋಲೊ 2022ಕ್ಕೇ ನಿಂತಿತು. ಡೀಸೆಲ್ ಸ್ವಿಫ್ಟ್ 2020ರ ಏಪ್ರಿಲ್‌ನಾಗ ಬಿಎಸ್6 ಬಂದಾಗ ಹೋಯ್ತು. ಅಂದ್ರ ಇವು ಬೇಕಂದ್ರ ಯಾರೋ ಓಡಿಸಿದ್ದನ್ನೇ ಕೊಳ್ಳಬೇಕು.

ನಮ್ಮ ಕಾಕಾನ ಮಗನೂ ಅದೇ ಸಾಲಿನಾಗ ನಿಂತಾನ. "ನೀ ಬಿಕಾಂ ಓದ್ತೀ, ಲೆಕ್ಕ ನೋಡು ಬಾ" ಅಂತ ನನ್ನ ಕರ್ಕೊಂಡು ಹೋದ. ಜೋಡಿಗೆ ನಮ್ಮ ಓಣಿ ಮೆಕ್ಯಾನಿಕ್ ಮಾಮ. ಮೂರು ವಾರದಾಗ ನಾಲ್ಕು ಕಾರು ನೋಡಿದ್ವಿ. ನೀವೂ ಹುಡುಕ್ತಿದ್ರ ಇದನ್ನ ಸೇವ್ ಮಾಡಿಟ್ಕೊಳ್ರಿ.

ಮೊದಲು ಒಂದು ಮಾತು ತಲ್ಯಾಗ ಇಟ್ಕೊಳ್ರಿ. ಆಲ್ಟೊ ಕೊಂಡವ ಪೆಟ್ರೋಲ್ ಉಳಿಸಾಕ ಕೊಂಡಿರ್ತಾನ. ಜಿಟಿ ಕೊಂಡವ ತುಳಿಯಾಕ ಕೊಂಡಿರ್ತಾನ. ಹಂಗಾಗಿ ಇಲ್ಲಿ ಪರೀಕ್ಷೆ ಮಾಡಬೇಕಾಗಿದ್ದು ಕಾರನ್ನಷ್ಟೇ ಅಲ್ಲ, ಅದನ್ನ ಇಟ್ಕೊಂಡಿದ್ದ ಮನುಷ್ಯನ ಕಾಲು ಎಂಥದ್ದು ಅನ್ನೋದನ್ನೂ.

ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡ್ರಿ. ರಾಯಚೂರಿನ ಒಂದು ಯಾರ್ಡಿಗೆ ಮುಂಜಾನೆ ಹತ್ತಕ್ಕ ಹೋದ್ರ ಬಾನೆಟ್ ಬೆಚ್ಚಗಿತ್ತು. "ನಿಮಗಂತನೇ ಸ್ಟಾರ್ಟ್ ಮಾಡಿ ಇಟ್ಟೀನ್ರಿ" ಅಂದ. ನಮಗಂತ ಅಲ್ಲ, ಅವನಿಗಂತ. ತಣ್ಣಗಿರೋ ಎಂಜಿನ್ ಸುಳ್ಳು ಹೇಳಂಗಿಲ್ಲ; ಚೈನ್ ಸಡ್ಲಾಗಿದ್ರ ಮೊದಲ ಕೆಲವು ಸೆಕೆಂಡ್ ಕಟಕಟ ಅಂತೈತಿ, ಬಿಸಿ ಆದ ಮೇಲೆ ಸುಮ್ಮನಾಗ್ತೈತಿ. ಹೊಗೆ ನೋಡಾಕ ಒಬ್ಬರನ್ನ ಹಿಂದ ನಿಲ್ಲಿಸ್ರಿ. ನೀಲಿ ಹೊಗೆ ಅಂದ್ರ ಎಂಜಿನ್ ಆಯಿಲ್ ಸುಡಾಕತ್ತೈತಿ. ಬಿಸಿ ಆದ ಮೇಲೂ ಬಿಳಿ ಹೊಗೆ ದಟ್ಟವಾಗಿ ಬಂದ್ರ ಕೂಲಂಟ್ ಒಳಗ ಸೋರ್ತಿರಬಹುದು. ಎರಡು ಮೂರು ನಿಮಿಷ ಸುಮ್ಮನ ಓಡಾಕ ಬಿಟ್ಟು, ಆಮೇಲೆ ಒಮ್ಮೆ ಜೋರಾಗಿ ರೇಸ್ ಮಾಡ್ರಿ. ಆಗ ನೀಲಿ ಮೋಡ ಎದ್ರ ಟರ್ಬೊ ಸೀಲ್ ಮೇಲೆ ಅನುಮಾನ ಪಡ್ರಿ.

ಟರ್ಬೊ ಅನ್ನೋದು ಎಂಜಿನ್ನಿನ ಹೊಗೆಯ ಬಲದಿಂದಲೇ ತಿರುಗೋ ಸಣ್ಣ ಫ್ಯಾನ್. ನಿಮಿಷಕ್ಕ ಲಕ್ಷದ ಲೆಕ್ಕದಾಗ ತಿರುಗ್ತೈತಿ, ಅದರ ಜೀವ ಇರೋದು ಆಯಿಲ್‌ನಾಗ. ಜೋರಾಗಿ ಓಡಿಸಿ ಬಂದು ತಟ್ಟನೆ ಆಫ್ ಮಾಡಿದ್ರ ಬಿಸಿ ಟರ್ಬೊಗೆ ಆಯಿಲ್ ನಿಂತು ಹೋಗ್ತೈತಿ. ಹಂಗಾಗಿ ಮಾಮ ಒಂದು ಉಪಾಯ ಮಾಡ್ತಾನ: ಟೆಸ್ಟ್ ಡ್ರೈವ್‌ನಾಗ ವಾಪಸ್ ಬರೋವಾಗ ಮಾಲೀಕನ ಕೈಗೇ ಸ್ಟಿಯರಿಂಗ್ ಕೊಡ್ತಾನ. ನಿಲ್ಲಿಸಿದ ಮೇಲೆ ಅವ ಕೀ ಯಾವಾಗ ತಿರುವ್ತಾನ ಅನ್ನೋದನ್ನಷ್ಟೇ ನೋಡ್ತಾನ. ನಾವು ಕೇಳಿದ್ರ "ಬಾಳ ಚಲೋ ಮೇಂಟೇನ್ ಮಾಡೀನಿ" ಅಂತಾರ ಎಲ್ಲಾರೂ.

ಸ್ವಿಫ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ ಮೂಲದಾಗ ಫಿಯಟ್‌ದು, ಅದೇ ಕುಟುಂಬದ್ದು ಪುಂಟೊದಾಗೂ ಇತ್ತು. ಅದು ಎರಡು ಸಾವಿರ ಆರ್‌ಪಿಎಂ ತನಕ ಮಲಗಿದಂಗ ಇದ್ದು, ಆಮೇಲೆ ಒಮ್ಮೆಲೇ ಎಳೀತೈತಿ. ಅದು ರೋಗ ಅಲ್ಲ, ಗುಣ. ಅದನ್ನೇ ರೋಗ ಅಂತ ಹೇಳಿ ಬೆಲೆ ಇಳಿಸಾಕ ಹೋದ್ರ ನಗ್ತಾರ.

ಕ್ಲಚ್ ನೋಡಾಕ: ನಾಲ್ಕನೇ ಗೇರ್, 40ರ ವೇಗ, ಕಾಲು ಪೂರ್ತಿ ಒತ್ತರಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರಲಿಲ್ಲ ಅಂದ್ರ ಕ್ಲಚ್ ಮುಗಿದೈತಿ.

ಪೋಲೊ ಜಿಟಿ ಟಿಎಸ್‌ಐ ಕತಿ ಬ್ಯಾರೆ, ಇಲ್ಲಿ ಸ್ವಲ್ಪ ನಿಧಾನಕ್ಕ ಓದ್ರಿ. 2013ರಾಗ ಬಂದಿದ್ದು 1.2 ಲೀಟರ್, 105 ಪಿಎಸ್, ಜೋಡಿಗೆ ಏಳು ಗೇರಿನ ಡಿಎಸ್‌ಜಿ. ಒಳಗ ಎರಡು ಒಣ ಕ್ಲಚ್, ಅವನ್ನ ಆಡಿಸೋದು ಮೆಕಾಟ್ರಾನಿಕ್ ಅನ್ನೋ ಕಂಪ್ಯೂಟರ್ ಪೆಟ್ಟಿಗೆ. ಓಡ್ತಿದ್ದಾಗ ಗೇರ್ ಬದಲಾಗಿದ್ದೇ ಗೊತ್ತಾಗಂಗಿಲ್ಲ, ಮಜಾ ಐತಿ. ಕೆಟ್ಟರ ಮಾತ್ರ ಲಕ್ಷದ ಮಾತು. 2013ರಾಗ ಚೀನಾದಾಗ ಫೋಕ್ಸ್‌ವ್ಯಾಗನ್ ಡಿಎಸ್‌ಜಿ ತೊಂದರೆಗಾಗಿ 3.84 ಲಕ್ಷ ಕಾರು ವಾಪಸ್ ಕರೆಸಬೇಕಾಗಿ ಬಂದಿತ್ತು. ಎಲ್ಲಾ ಡಿಎಸ್‌ಜಿನೂ ಕೆಡ್ತೈತಿ ಅಂತ ನಾ ಹೇಳಂಗಿಲ್ಲ. ನೋಡಿ ಕೊಳ್ರಿ ಅಂತೀನಿ. 2020ರಿಂದ 1.0 ಲೀಟರ್ ಎಂಜಿನ್ ಬಂತು, ಅದರ ಆಟೊಮ್ಯಾಟಿಕ್ ಆರು ಗೇರಿನ ಟಾರ್ಕ್ ಕನ್ವರ್ಟರ್. ನನ್ನ ಕೇಳಿದ್ರ ನಮ್ಮಂಥವರಿಗೆ ಅದೇ ಪಾಡು.

ಡಿಎಸ್‌ಜಿ ಪರೀಕ್ಷೆಗೆ ದಿಂಡು ಬೇಕು. ಸಿಂಧನೂರು ಕಡೆ ಗುಡ್ಡ ಎಲ್ಲಿಂದ ತರೋದು? ಕಾಲುವೆ ಏರಿ ಐತಲ್ಲ, ಸಾಕು. ಏರಿ ಹತ್ತೋ ಜಾಗದಾಗ ನಿಲ್ಲಿಸಿ, ಬ್ರೇಕ್ ಬಿಟ್ಟು, ಇರುವೆ ಹೋದಂಗ ಹತ್ತಿಸ್ರಿ. ಗಡಗಡ ನಡುಗಿದ್ರ ಕ್ಲಚ್. ಡಿ ಇಂದ ಆರ್‌ಗೆ ಹಾಕಿದಾಗ ಒಂದೆರಡು ಸೆಕೆಂಡ್ ಯೋಚನೆ ಮಾಡಿ ಧಡ್ ಅಂದ್ರ, ಮೀಟರ್‌ನಾಗ ಗೇರಿನ ಅಕ್ಷರ ಮಿಣುಕಿದ್ರ, ಕೀ ಕೊಟ್ಟು ಚಾ ಕುಡಿದು ಬರ್ರಿ.

ಇನ್ನು ಬಿಚ್ಚಿದ ಗುರುತು. ರೀಮ್ಯಾಪ್ ಮಾಡ್ಸಿ ಎರಡು ವರ್ಷ ತುಳಿದು, ಮಾರೋವಾಗ ಹಳೇ ಸಾಫ್ಟ್‌ವೇರ್ ಹಾಕಿ ಕೊಡೋರು ಇದ್ದಾರ. ಸಾಫ್ಟ್‌ವೇರ್ ಕಾಣಂಗಿಲ್ಲ, ಸ್ಕ್ರೂ ತೂತು ಕಾಣ್ತೈತಿ. ಮುಂದಿನ ಕಂಬದ ಮೇಲೆ ಮೀಟರ್ ಕೂಡಿಸಿದ ಗುರುತು, ಹೆಡ್‌ಲೈಟ್ ಹಿಂದ ಟೇಪ್ ಸುತ್ತಿದ ವೈರು, ಸೈಲೆನ್ಸರ್ ಹತ್ರ ಹೊಸ ವೆಲ್ಡಿಂಗ್, ಇಳಿಸಿದ ಸ್ಪ್ರಿಂಗ್‌ನಿಂದ ಕೆಳಗ ಹಂಪಿಗೆ ಉಜ್ಜಿದ ಗೆರೆ. ನಮ್ಮ ಕಡೆ ಇನ್ನೊಂದು ಐತಿ: ಭತ್ತ ಇಟ್ಟ ಮನಿ ಮುಂದ ನಿಂತ ಕಾರಿಗೆ ಇಲಿ ಹತ್ತದೇ ಇರಂಗಿಲ್ಲ. ಕಡಿದ ವೈರು ಯಾವುದು, ಕತ್ತರಿಸಿ ಜೋಡಿಸಿದ್ದು ಯಾವುದು, ಮಾಮಗ ಕೇಳ್ರಿ.

ಕೀ ತಿರುವಿದಾಗ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿಗೆ ಆರಬೇಕು. ಆರಲಿಲ್ಲ ಅಂದ್ರ ತೊಂದರೆ ಐತಿ ಅಂತ ಎಲ್ಲಾರಿಗೂ ಗೊತ್ತು. ಹತ್ತಲೇ ಇಲ್ಲ ಅಂದ್ರ ಅದಕ್ಕಿಂತ ಕೆಟ್ಟದ್ದು. ಆಕ್ಸಿಡೆಂಟ್‌ನಾಗ ಬ್ಯಾಗ್ ಒಡೆದು, ಹೊಸದು ಹಾಕದೇ ದೀಪ ಅಷ್ಟೇ ತೆಗೆದಿರಬಹುದು. ನಾವು ನೋಡಿದ ಮೂರನೇ ಕಾರು ಇಂಥದ್ದೇ. ಮಸ್ಕಿ ರಸ್ತೆದಾಗ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದ ರಿಫ್ಲೆಕ್ಟರ್ ಇರಂಗಿಲ್ಲ, ರಾತ್ರಿ ಇಂಥ ಕಾರಿನಾಗ ನಮ್ಮಣ್ಣನ್ನ ಹೆಂಗ ಕಳಿಸೋದು ಹೇಳ್ರಿ?

ಹೈದರಾಬಾದ್ ಕಡೆಯಿಂದ ಬಂದ ಕಾರು ಅಗ್ಗ ಅಂತ ಬೀಳಬ್ಯಾಡ್ರಿ. 2020ರ ಅಕ್ಟೋಬರ್‌ನಾಗ ಅಲ್ಲಿ ನೆರೆ ಬಂದು ಎಷ್ಟೋ ಕಾರು ಮುಳುಗಿದ್ವು. ಸೀಟ್‌ಬೆಲ್ಟ್ ಪೂರ್ತಿ ಎಳೆದು ಕೊನೆ ತುದಿ ನೋಡ್ರಿ, ಸೀಟಿನ ಕಂಬಿಗೆ ತುಕ್ಕು ಐತೇನು ನೋಡ್ರಿ, ಸ್ಟೆಪ್ನಿ ಎತ್ತಿ ಅದರ ಕುಣಿ ನೋಡ್ರಿ. ಜೊತೆಗೆ ಅಲ್ಲಿಯ ಎನ್‌ಒಸಿ ಬೇಕು, ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಅಗ್ಗ ಅಲ್ಲೇ ಕರಗ್ತೈತಿ.

ಟೈರಿನ ಮೇಲೆ ನಾಲ್ಕು ಅಂಕಿ ಇರ್ತಾವ. 2319 ಅಂದ್ರ 2019ರ 23ನೇ ವಾರದ್ದು. ಎಳೆ ಎಷ್ಟೇ ಇರಲಿ, ಅಷ್ಟು ಹಳೇದಾಗಿದ್ರ ಬದಲಿಸೋ ಖರ್ಚು ಹಿಡೀರಿ.

ಈಗ ನನ್ನ ಕೆಲಸ, ಲೆಕ್ಕ. ಬಿಕಾಂ ಮೊದಲ ವರ್ಷದಾಗೇ ಕಲಿಸ್ತಾರ: ಹಳೇ ಮಷೀನ್ ಕೊಂಡು, ಅದನ್ನ ಓಡೋ ಹಂಗ ಮಾಡಾಕ ಹಾಕಿದ ರಿಪೇರಿ ಖರ್ಚು ರಿಪೇರಿ ಖಾತೆಗೆ ಹೋಗಂಗಿಲ್ಲ, ಮಷೀನಿನ ಬೆಲೆಗೇ ಸೇರ್ತೈತಿ. ಬಂಡವಾಳ ವೆಚ್ಚ ಅಂತಾರ. ಕಾರಿಗೂ ಅದೇ. ಎರಡನೇ ಕಾರಿಗೆ ಕೇಳಿದ್ದು 5,20,000. ನಾಲ್ಕು ಟೈರ್ 28,000, ಮುಂದಿನ ಸಸ್ಪೆನ್ಷನ್ 19,000, ಇನ್ಶೂರೆನ್ಸ್ 16,000. ಆ ಕಾರಿನ ಬೆಲೆ 5,83,000. ಅಣ್ಣ 5,20,000ಕ್ಕ ಚೌಕಾಸಿ ಮಾಡ್ತಿದ್ದ, ನಾ 5,83,000ಕ್ಕ ಮಾಡು ಅಂದೆ. ಯಜಮಾನ ಇಳೀಲಿಲ್ಲ, ನಾವು ಎದ್ದು ಬಂದ್ವಿ.

ಊರಾಗ ಕೆಲವರು "ಬಾಳ ಲೆಕ್ಕ ಹಾಕ್ತಾನ" ಅಂದ್ರು. ಹಾಕಬೇಕ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಹೋದಾಗ ಎಡದಂಡೆ ಕಾಲುವೆ ನಂಬಿದ ಮನಿಯಾಗ ಯಾರಿಗೆ ನಿದ್ದಿ ಬಂದಿತ್ತು? ಸಂಬಳದವರಿಗೆ ಗೇರ್‌ಬಾಕ್ಸ್ ಕೆಟ್ಟರ ಮುಂದಿನ ತಿಂಗಳು ಐತಿ. ನಮಗ ಮುಂದಿನ ಬೆಳಿ ಐತಿ, ಅದೂ ನೀರು ಬಿಟ್ರ.

ಕಾಗದ ಕಡೀಕ ಹೇಳಾಕತ್ತೀನಿ, ನೀವು ಮೊದಲು ನೋಡ್ರಿ. ಎಂಪರಿವಾಹನ್ ಆ್ಯಪ್‌ನಾಗ ನಂಬರ್ ಹಾಕಿದ್ರ ಎಷ್ಟನೇ ಮಾಲೀಕ, ಸಾಲ ಐತೇನು, ಇನ್ಶೂರೆನ್ಸ್ ಎಲ್ಲೀತನ ಅಂತ ಗೊತ್ತಾಗ್ತೈತಿ. ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಇಲ್ಲದೇ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಫಾರ್ಮ್ 29, 30ಕ್ಕ ಸಹಿ ಹಾಕಿಸಿ ಪೆಟ್ಟಿಗ್ಯಾಗ ಇಟ್ರ ಕಾರು ನಿಮ್ಮದಾಗಂಗಿಲ್ಲ, ಆರ್‌ಟಿಒದಾಗ ಹೆಸರು ಬದಲಾಗಬೇಕು. 2018ರಾಗ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಾಗ ಹೇಳೇಬಿಟ್ಟೈತಿ: ಕಾರು ಕೈ ಬದಲಾಗಿದ್ರೂ ಆರ್‌ಸಿಯಾಗ ಯಾರ ಹೆಸರೈತಿ ಅವನೇ ಮಾಲೀಕ, ಅಪಘಾತದ ಪರಿಹಾರದ ಹೊಣೆನೂ ಅವಂದೇ. ಹಂಗಾಗಿ ಮಾರೋರೂ ಇದನ್ನ ಓದ್ರಿ.

ಇನ್ಶೂರೆನ್ಸ್ 14 ದಿನದಾಗ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಾಕ ಅರ್ಜಿ ಹಾಕ್ರಿ. ನೋ ಕ್ಲೇಮ್ ಬೋನಸ್ ಹಳೇ ಮಾಲೀಕಂದು, ಕಾರಿನ ಜೋಡಿ ಬರಂಗಿಲ್ಲ. "ಬೋನಸ್ 50 ಪರ್ಸೆಂಟ್ ಐತ್ರಿ" ಅಂತ ಅದಕ್ಕೂ ಬೆಲೆ ಕಟ್ಟಿದ್ರ, ಅಷ್ಟು ಕಳೆದು ಮಾತಾಡ್ರಿ.