ದೋಷವನ್ನು ಹುಡುಕುವ ಬಗೆ

ಮನೆಯಲ್ಲಿ ಒಂದು ವಸ್ತು ಪೂರ್ತಿಯಾಗಿ ಕೆಟ್ಟುಹೋದರೆ ಚಿಂತೆ ಅಷ್ಟಿಲ್ಲ. ದುರಸ್ತಿಗೆ ಕೊಡಬಹುದು, ಇಲ್ಲವೆ ಹೊಸದನ್ನು ತರಬಹುದು. ಆದರೆ ಒಮ್ಮೆ ಸರಿಯಾಗಿದ್ದು ಮತ್ತೊಮ್ಮೆ ಕೈಕೊಡುವ ವಸ್ತು ಮನೆಯವರ ನೆಮ್ಮದಿಯನ್ನೇ ಕದಡುತ್ತದೆ. ಅಂಥ ಸಂದರ್ಭದಲ್ಲಿ ದೋಷವನ್ನು ಹುಡುಕುವುದಕ್ಕೆ ಮೊದಲೇ ದೋಷಿಯನ್ನು ಗೊತ್ತುಮಾಡಿಬಿಡುವುದು ಮನುಷ್ಯಸ್ವಭಾವ.

ನಮ್ಮ ಮನೆಯ ಗಣಕಯಂತ್ರ ಅಂಗಡಿಯಿಂದ ಸಿದ್ಧರೂಪದಲ್ಲಿ ಬಂದದ್ದಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಒಂದೊಂದೇ ಬಿಡಿಭಾಗವನ್ನು ವಿಚಾರಿಸಿ ತಂದು, ತನ್ನ ಕೈಯಾರೆ ಜೋಡಿಸಿಕೊಟ್ಟದ್ದು. ನನ್ನ ಮಗಳು ಅದರಲ್ಲಿ ತನ್ನ ಪಿಎಚ್.ಡಿ. ಪ್ರಬಂಧವನ್ನು ಬರೆಯುತ್ತಿದ್ದಳು. ಎರಡು ತಿಂಗಳು ಸುಸೂತ್ರವಾಗಿ ನಡೆದ ಯಂತ್ರ, ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ತಾನಾಗಿಯೇ ನಿಂತು ಮತ್ತೆ ಆರಂಭವಾಗತೊಡಗಿತು. ಕೆಲವು ದಿನ ಮೂರು ಸಲ, ಕೆಲವು ದಿನ ಒಮ್ಮೆಯೂ ಇಲ್ಲ. ಬರೆದ ಪುಟಗಳು ಕಣ್ಣೆದುರಿಗೇ ಮಾಯವಾದಾಗ ಮಗಳು ಕಣ್ಣೀರಿಟ್ಟಳು. ಬಂದ ಬಂಧುಗಳು, "ಹುಡುಗರ ಕೈಯಲ್ಲಿ ಇಂಥ ಕೆಲಸ ಮಾಡಿಸಬಾರದಿತ್ತು" ಎಂದರು. ಮಾತು ಅವನ ಕಿವಿಗೂ ಬಿತ್ತು. ನಮ್ಮ ಮನೆಗೆ ಬರುವುದನ್ನೇ ಅವನು ಕಡಿಮೆ ಮಾಡಿದ. ಯಂತ್ರದ ಕೇಡಿಗಿಂತ ಇದು ನನಗೆ ಹೆಚ್ಚು ನೋವಿನ ಸಂಗತಿಯಾಯಿತು.

ಅವನನ್ನು ಕರೆಸಿ, "ಯಾರು ಏನೇ ಅನ್ನಲಿ ತಮ್ಮಾ, ಇಬ್ಬರೂ ಕೂಡಿ ಕಾರಣ ಹುಡುಕೋಣ" ಎಂದೆ. "ಆಗಲಿ ಮಾವಾ, ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸೋಣ. ಎರಡನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ" ಎಂದ.

ಮೊದಲು ಒಂದು ನೋಟುಪುಸ್ತಕವನ್ನಿಟ್ಟು, ಯಂತ್ರ ನಿಂತ ದಿನ, ವೇಳೆ, ಆಗ ನಡೆದಿದ್ದ ಕೆಲಸ ಇವನ್ನೆಲ್ಲ ಬರೆದಿಟ್ಟೆವು. ದೋಷ ಕಂಡೊಡನೆ ತಾನಾಗಿ ಮರು ಆರಂಭವಾಗುವ ಏರ್ಪಾಡು ವಿಂಡೋಸ್‌ನಲ್ಲಿದೆ, ಅದನ್ನು ತೆಗೆದುಹಾಕಿದೆವು. ತಂತ್ರಾಂಶದ ದೋಷವಾಗಿದ್ದರೆ ಆಗ ನೀಲಿ ಪರದೆ ಉಳಿಯಬೇಕಿತ್ತು, ಉಳಿಯಲಿಲ್ಲ. ಯಂತ್ರದ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಮಾತ್ರ ಇತ್ತು. ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲವೆಂಬುದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ. ಪ್ರೊಸೆಸರಿನ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ದಾಟಿರಲಿಲ್ಲ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶದಿಂದ ರಾತ್ರಿಯಿಡೀ ಸ್ಮೃತಿಕೋಶವನ್ನು ಪರೀಕ್ಷಿಸಿದರೂ ಒಂದು ತಪ್ಪೂ ಕಾಣಲಿಲ್ಲ. ಬೇರೆ ಕೋಣೆಯ ಪ್ಲಗ್ಗಿಗೆ ಜೋಡಿಸಿದರೂ ಅದೇ ಪಾಡು.

ಉಳಿದದ್ದು ವಿದ್ಯುತ್ ಪೂರೈಸುವ ಪೆಟ್ಟಿಗೆ, ಅಂದರೆ ಎಸ್.ಎಂ.ಪಿ.ಎಸ್. ಮನೆಯ 230 ವೋಲ್ಟ್ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟುಗಳ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಎಲ್ಲವೂ ಸರಿಯಾಗಿದೆಯೆಂಬ ಸಂಕೇತವೊಂದನ್ನು ಮದರ್‌ಬೋರ್ಡಿಗೆ ಸದಾ ಕೊಡುತ್ತಿರುತ್ತದೆ. ಆ ಸಂಕೇತ ಕ್ಷಣಮಾತ್ರ ತಪ್ಪಿದರೂ ಸಾಕು, ಯಂತ್ರ ಇದ್ದ ಕೆಲಸವನ್ನು ಬಿಟ್ಟು ಮೊದಲಿನಿಂದ ಆರಂಭವಾಗುತ್ತದೆ. ಮೀಟರಿನಿಂದ ಅಳೆದಾಗ 12.1 ವೋಲ್ಟ್ ಸರಿಯಾಗಿಯೇ ತೋರಿತು. ಕ್ಷಣಾರ್ಧದ ಕುಸಿತವನ್ನು ಸಾಮಾನ್ಯ ಮೀಟರು ಹಿಡಿಯಲಾರದು. ಆದ್ದರಿಂದ ಗೆಳೆಯನೊಬ್ಬನ ಒಳ್ಳೆಯ ಪೆಟ್ಟಿಗೆಯನ್ನು ಎರವಲು ತಂದು ಜೋಡಿಸಿದ. ಹದಿನೈದು ದಿನ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ನಮ್ಮ ಪೆಟ್ಟಿಗೆಗೆ ಖಾತರಿಯ ಅವಧಿ ಇನ್ನೂ ಇದ್ದುದರಿಂದ ತಯಾರಕರು ಬೇರೊಂದನ್ನು ಕೊಟ್ಟರು. ಜೋಡಣೆಯಲ್ಲಿ ದೋಷವಿರಲಿಲ್ಲ, ವಸ್ತುವಿನಲ್ಲೇ ಇತ್ತು. ಈ ಮಾತನ್ನು ಅಂದು ಟೀಕಿಸಿದ ಬಂಧುಗಳ ಮುಂದೆಯೇ, ಹುಡುಗನೂ ಇದ್ದಾಗ, ನಾನು ಹೇಳಿದೆ. ಅವನು ತಲೆತಗ್ಗಿಸಿ ನಕ್ಕ.

ಇಂಥ ತೊಂದರೆಯಲ್ಲಿರುವ ಓದುಗರಿಗೆ ಎರಡು ಮಾತು. ವಿದ್ಯುತ್ ಪೆಟ್ಟಿಗೆಯನ್ನು ಎಂದೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ದೋಷ ಸಿಗುವವರೆಗೆ ಬರೆದುದರ ಪ್ರತಿಯನ್ನು ದಿನವೂ ಬೇರೆಡೆ ಉಳಿಸಿಟ್ಟುಕೊಳ್ಳಬೇಕು. ಇನ್ನು ಮನೆಯ ಹಿರಿಯರಲ್ಲಿ ಒಂದು ವಿನಂತಿ: ಕಿರಿಯರು ಉತ್ಸಾಹದಿಂದ ಮಾಡಿದ ಕೆಲಸದಲ್ಲಿ ಕುಂದು ಕಂಡಾಗ, ಪರೀಕ್ಷೆ ಮುಗಿಯುವವರೆಗೆ ತೀರ್ಪನ್ನು ತಡೆಹಿಡಿಯೋಣ. ಯಂತ್ರದ ಬಿಡಿಭಾಗ ಪೇಟೆಯಲ್ಲಿ ಮತ್ತೆ ಸಿಗುತ್ತದೆ; ಕಳೆದುಹೋದ ಆತ್ಮವಿಶ್ವಾಸ ಅಷ್ಟು ಸುಲಭವಾಗಿ ಸಿಗುವುದಿಲ್ಲ.