ತುರುಬಿಗೇರದ ಹೂವು

ನಮ್ಮ ಕಡೆ ಚೆಂಡು ಹೂವಿಗೆ ದೇವರ ತಲೆ ಸಿಗುತ್ತದೆ, ಹೆಂಗಸರ ತಲೆ ಸಿಗುವುದಿಲ್ಲ. ಬಾಗಿಲಿಗೆ, ಬೈಕಿಗೆ, ಹಸುವಿನ ಕೊರಳಿಗೆ, ದೀಪಾವಳಿಯ ಸಗಣಿ ಪಾಂಡವರ ನೆತ್ತಿಗೆ ಎಲ್ಲಕ್ಕೂ ಸೈ. ತುರುಬಿಗೆ ಮಾತ್ರ ಮಲ್ಲಿಗೆಯೋ ಕನಕಾಂಬರವೋ ಆಗಬೇಕು. ಯಾಕೆಂದರೆ, ‘ಅದರ ವಾಸನೆ ಯಾರಿಗೆ ಬೇಕು?’

ದೆಹಲಿಗೆ ಬಂದ ಮೇಲೆ ಇದರ ದರ್ಬಾರು ಕಂಡೆ. ಇಲ್ಲಿ ಇದು ಗೇಂದಾ. ಗಾಜೀಪುರದ ಹೂಮಂಡಿಗೆ ನಸುಕಿನಲ್ಲೇ ಹೋಗಬೇಕು. ಬಿಸಿಲೇರಿದ ಮೇಲೆ ಸಿಗುವುದು ತೊಟ್ಟು ಮತ್ತು ಕೆಸರು. ಕೋಲ್ಕತ್ತ ಕಡೆಯಿಂದ ಬಂದ ಕೇಸರಿ ಹಾರಗಳು ಹಡಗಿನ ಹಗ್ಗದ ಹಾಗೆ ಸುರುಳಿ ಸುತ್ತಿ ಬಿದ್ದಿರುತ್ತವೆ. ಮೊಳ, ಮಾರು ಎಂದು ಹೂ ಅಳೆಯುತ್ತಾ ಬೆಳೆದ ನನಗೆ ಇಲ್ಲಿ ಲಡಿಗಳ ಲೆಕ್ಕ. ಕಟ್ಟುವ ನಾಜೂಕೂ ಬೇಡ, ದಬ್ಬಳ ತೂರಿಸಿ ಎಳೆದರೆ ಮುಗಿಯಿತು.

ಇಷ್ಟೆಲ್ಲ ಪೂಜೆಗೆ ಕೂರುವ ಈ ಹೂವಿನ ತವರು ಮೆಕ್ಸಿಕೊ. ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ, ಮೆಣಸಿನಕಾಯಿಯಂತೆಯೇ. ಪಂಪ ಬನವಾಸಿಯಲ್ಲಿ ಇದನ್ನು ಕಂಡಿರಲು ಸಾಧ್ಯವೇ ಇಲ್ಲ. ತವರಿನಲ್ಲಿ ನವೆಂಬರ್ ಮೊದಲ ಎರಡು ದಿನ ಸತ್ತವರ ಹಬ್ಬ. ದಾರಿಗೆಲ್ಲ ಇದರ ಎಸಳು ಚೆಲ್ಲುತ್ತಾರೆ. ಬಣ್ಣ ನೋಡಿಕೊಂಡು, ವಾಸನೆ ಹಿಡಿದು ಹಿರಿಯರು ಮನೆ ಸೇರಲಿ ಎಂದು. ನಾವು ಮೂಗು ಮುರಿಯುವ ಅದೇ ವಾಸನೆ!

ಅದು ಎಲ್ಲಿದೆ ಎಂದು ನೋಡಬೇಕಾದರೆ ಒಂದು ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂಥ ಚುಕ್ಕೆಗಳು ಹೊಳೆಯುತ್ತವೆ. ಒಂದೊಂದೂ ಎಣ್ಣೆಯ ಚೀಲ. ಹೊಸಕಿದರೆ ಘಾಟು ಬೆರಳಿಗಂಟುತ್ತದೆ, ಸೋಪು ಹಾಕಿದರೂ ಬೇಗ ಬಿಡದು. ಬೇರಿನ ಕಸುಬು ಬೇರೆ. ಅಲ್ಲಿ ಟರ್ಥೈನಿಲ್ ಎಂಬ ಗಂಧಕದ ಸಂಯುಕ್ತವಿದೆ, ಗಿಡಗಳ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿಗೆ ಅದು ವಿಷ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರಂತೂ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ನೆಡಿ ಎಂದರು. ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ. ಆ ಹುಳಕ್ಕೆ ಇರುವ ರುಚಿ ನಮ್ಮ ಹೆಂಗಸರಿಗಿಲ್ಲ.

ದೆಹಲಿಯಲ್ಲಿ ಇದರ ವಿದ್ವಾಂಸರಿರುವುದು ಪೂಸಾದಲ್ಲಿ. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಸ್ಥೆ 1934ರ ಭೂಕಂಪಕ್ಕೆ ಸಿಕ್ಕಿ 1936ರಲ್ಲಿ ಇಲ್ಲಿಗೆ ಬಂತು, ಊರಿನ ಹೆಸರನ್ನೂ ಹೊತ್ತುಕೊಂಡು. ‘ಪೂಸಾ ನಾರಂಗಿ’, ‘ಪೂಸಾ ಬಸಂತಿ’ ಗೇಂದಾ ತಳಿಗಳು ಇಲ್ಲಿಯವೇ. ಒಂದು ಕಿತ್ತಳೆ, ಒಂದು ಹಳದಿ.

ಆ ಬಣ್ಣಕ್ಕೆ ಕಾರಣ ಮುಖ್ಯವಾಗಿ ಲ್ಯೂಟೀನ್. ನಮ್ಮ ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಚೆಂಡು ಹೂ ಬೆಳೆದು ರೈತರು ಕಾರ್ಖಾನೆಗೆ ಹಾಕುವುದು ಇದಕ್ಕಾಗಿ. ಸಾರ ಕಣ್ಣಿನ ಮಾತ್ರೆಗೂ ಹೋಗುತ್ತದೆ, ಕೋಳಿ ಆಹಾರಕ್ಕೂ. ತಿಂದ ಕೋಳಿಯ ಮೊಟ್ಟೆಯ ಹಳದಿ ಇನ್ನಷ್ಟು ರಂಗೇರುತ್ತದೆ. ಗಾಜೀಪುರದಲ್ಲಿ ಹೂಮಂಡಿಯ ಆಸುಪಾಸಿನಲ್ಲೇ ಕೋಳಿಮಂಡಿಯೂ ಇರುವುದು ಕಾಕತಾಳೀಯ. ನನಗೇನೋ ಖುಷಿಯೇ. ದೇವರ ಮನೆಗೆ ಈ ಹಾರವಿಲ್ಲದೆ ಆಗದ, ಮೊಟ್ಟೆಯ ಹೆಸರೆತ್ತಿದರೆ ಎದ್ದು ಹೋಗುವ ನಮ್ಮ ಸೋದರತ್ತೆಗೆ ಮಾತ್ರ ಈ ಸಂಬಂಧ ಇನ್ನೂ ತಿಳಿಸಿಲ್ಲ.